‘ಒಡೆ’ ಪದದ ಅರ್ಥ ಮತ್ತು ಮೂಲ: ಮಡಕೆಯೂ ಒಡೆಯುತ್ತದೆ, ಚಿಗುರೂ ಒಡೆಯುತ್ತದೆ

ತುಂಗಾತೀರ

ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ‘ಒಡೆ’. ಮಡಕೆ ಒಡೆಯುತ್ತದೆ, ಕನ್ನಡಿ ಒಡೆಯುತ್ತದೆ, ಪಕ್ಷ ಒಡೆಯುತ್ತದೆ. ಇವೆಲ್ಲ ಹಾಳಾಗುವ ಮಾತು. ಆದರೆ ಮೊಳಕೆಯೂ ಒಡೆಯುತ್ತದೆ, ಚಿಗುರೂ ಒಡೆಯುತ್ತದೆ. ಅದು ಹುಟ್ಟುವ ಮಾತು. ಒಂದೇ ಪದ ಎರಡೂ ಕಡೆ ಹೇಗೆ ಸೇರಿತು?

ಎರಡು ಬೇರೆ ಪದಗಳು ಕಾಲ ಕಳೆದಂತೆ ಒಂದೇ ರೂಪಕ್ಕೆ ಬಂದಿರಬಹುದು ಎಂಬ ಅನುಮಾನ ಮೊದಲು ಬರುತ್ತದೆ. ಕನ್ನಡದಲ್ಲಿ ಹಾಗೆ ಆಗಿದ್ದು ಉಂಟು. ‘ನೀರು ಹರಿಯಿತು’, ‘ಬಟ್ಟೆ ಹರಿಯಿತು’ ಎರಡನ್ನೂ ಈಗ ಒಂದೇ ಥರ ಹೇಳುತ್ತೇವೆ. ಹಳೆಗನ್ನಡದಲ್ಲಿ ಮೊದಲನೆಯದು ‘ಪರಿ’, ಎರಡನೆಯದು ‘ಪಱಿ’. ಮುಂದೆ ಪಕಾರ ಹಕಾರವಾಯಿತು, ಱ ಎಂಬ ಹಳೆಯ ಗಡಸು ರಕಾರ ಬಿಟ್ಟುಹೋಗಿ ಮಾಮೂಲಿ ರಕಾರವೇ ಉಳಿಯಿತು. ಎರಡೂ ‘ಹರಿ’ ಆದವು.

‘ಒಡೆ’ಯ ವಿಷಯದಲ್ಲಿ ಹಾಗಾಗಿಲ್ಲ ಅಂತ ನನಗೆ ಅನಿಸುತ್ತದೆ. ಇದು ಒಂದೇ ಪದ. ಇದರ ಒಳಗಿನ ಅರ್ಥ ‘ಬಾಯಿ ಬಿಡುವುದು’. ಮುಚ್ಚಿದ್ದು ತೆರೆದುಕೊಳ್ಳುವುದು. ಕಾಯಿ ಒಡೆದರೆ ನೀರು ಬರುತ್ತದೆ. ಮೊಟ್ಟೆ ಒಡೆದರೆ ಮರಿ. ಮೊಗ್ಗು ಒಡೆದರೆ ಹೂ. ಗುಟ್ಟು ಒಡೆದರೆ ಒಳಗಿದ್ದ ಮಾತು. ಹಾಳಾಗುವುದು, ಹುಟ್ಟುವುದು ಎರಡೂ ಆಮೇಲಿನ ಕತೆ. ಒಪ್ಪುತ್ತೀರಾ?

ಹಾಸನದ ಮೇಷ್ಟ್ರು

ಚೆನ್ನಾಗಿದೆ ಪ್ರಶ್ನೆ. ‘ಒಡೆ’ಯನ್ನು ಅದರ ಪಕ್ಕದ ಮನೆಯ ‘ಮುರಿ’ ಜೊತೆ ಇಟ್ಟು ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ತರಗತಿಯಲ್ಲಿ ಮಕ್ಕಳಿಗೆ ನಾನು ಒಂದೇ ಉದಾಹರಣೆ ಕೊಡುತ್ತಿದ್ದೆ.

ಕಾಲು ಮುರಿದಿದೆ.
ಕಾಲು ಒಡೆದಿದೆ.

ಮೊದಲನೆಯವರನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಎರಡನೆಯವರಿಗೆ ಹಿಮ್ಮಡಿಗೆ ಎಣ್ಣೆ ಹಚ್ಚಿದರೆ ಸಾಕು. ಕಾಲು ಅದೇ. ಆದರೆ ಕನ್ನಡ ಮಾತಾಡುವ ಐದು ವರ್ಷದ ಮಗುವೂ ಇದನ್ನು ಅದಲುಬದಲು ಮಾಡುವುದಿಲ್ಲ.

‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು.’ ಇಲ್ಲಿ ‘ಕೋಲೂ ಒಡೆಯಬಾರದು’ ಅಂದು ನೋಡಿ, ಗಾದೆ ನಿಲ್ಲುವುದೇ ಇಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.’ ಇಲ್ಲಿ ‘ಮುತ್ತು ಮುರಿದರೆ’ ಅನ್ನಲು ಬರುವುದಿಲ್ಲ. ಹಗ್ಗಕ್ಕೆ ಈ ಎರಡೂ ಒಗ್ಗುವುದಿಲ್ಲ, ಅದಕ್ಕೆ ‘ಹರಿ’ ಬೇಕು. ನೆಲ ಬಿಸಿಲಿಗೆ ಬಿರಿಯುತ್ತದೆ. ಬಿದಿರನ್ನು ಸೀಳುತ್ತೇವೆ. ಪ್ರತಿಯೊಂದಕ್ಕೂ ಅದರದೇ ಕ್ರಿಯಾಪದ ಇದೆ. ಈಗ ಎಲ್ಲದಕ್ಕೂ ‘ಬ್ರೇಕ್ ಆಯ್ತು’ ಅನ್ನುವುದು ಕೇಳಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಷ್ಟು ಹೊತ್ತು ಕೂಡಿಟ್ಟ ಸೂಕ್ಷ್ಮ ಒಂದೇ ಪದದಲ್ಲಿ ಹೋಗುತ್ತದೆ.

ಕೋಲಾರದವಳು

ಮೇಷ್ಟ್ರೇ, ಉದ್ದನೆಯದು ಮುರಿಯುತ್ತದೆ, ದುಂಡನೆಯದು ಒಡೆಯುತ್ತದೆ ಅಂತ ನಿಯಮ ಮಾಡಬಹುದಾ? ನನಗೆ ಅದು ಸಾಲದು ಅನಿಸುತ್ತಿದೆ. ರೊಟ್ಟಿ ದುಂಡಗೇ ಇದೆ, ಆದರೂ ರೊಟ್ಟಿ ಮುರಿದು ತಿನ್ನುತ್ತೇವೆ. ನೂರು ರೂಪಾಯಿ ನೋಟು ಮುರಿಸುತ್ತೇವೆ. ಸಂಬಳದಲ್ಲಿ ಸಾಲ ಮುರಿದುಕೊಳ್ಳುತ್ತಾರೆ.

ತುಂಗಾತೀರ ಅವರಿಗೂ ಒಂದು ಪ್ರಶ್ನೆ. ಬಾಯಿ ಬಿಡುವುದು ಅಂದಿರಿ. ಕಲ್ಲು ಒಡೆಯುತ್ತಾರಲ್ಲ, ಕಲ್ಲಿನೊಳಗೆ ಏನಿದೆ? ಬೆಲ್ಲದ ಅಚ್ಚು ಒಡೆಯುತ್ತೇವೆ. ಹೊರಗೂ ಬೆಲ್ಲ, ಒಳಗೂ ಬೆಲ್ಲ. ಎಲ್ಲಕ್ಕಿಂತ ದೊಡ್ಡದು, ಹಾಲು ಒಡೆಯುತ್ತದೆ. ಹಾಲಿಗೆ ಯಾವ ಬಾಯಿ?

ಅಡಕೆ ತೋಟ, ಶಿರಸಿ ಕಡೆ

ಕಲ್ಲಿನ ಮಾತಿಗೆ ನಾನು ಕಟ್ಟಿಗೆಯಿಂದ ಉತ್ತರ ಕೊಡುತ್ತೇನೆ.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಡೆಯುವ ಕೆಲಸ ಇರುತ್ತದೆ. ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ಕೊಡಲಿಯಿಂದ ಹೊಡೆದರೆ ಅದು ನಾರಿನ ಗುಂಟ ಎರಡಾಗುತ್ತದೆ. ಅದು ‘ಒಡೆಯುವುದು’. ಅದೇ ಮರದ ಸಣ್ಣ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಅಡ್ಡಕ್ಕೆ ತುಂಡು ಮಾಡಿದರೆ ಅದು ‘ಮುರಿಯುವುದು’. ದಪ್ಪ ಕೊಂಬೆಯನ್ನು ಕತ್ತಿಯಿಂದ ಅಡ್ಡಕ್ಕೆ ಬೇರೆ ಮಾಡಿದರೆ ‘ಕಡಿಯುವುದು’. ಮರ ಒಂದೇ, ಕ್ರಿಯಾಪದ ಮೂರು. ಉದ್ದ ಗಿಡ್ಡದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಸ್ತು ಯಾವ ದಿಕ್ಕಿಗೆ ಬಿಟ್ಟುಕೊಟ್ಟಿತು ಎಂಬುದು ಮುಖ್ಯ. ತನ್ನ ಒಳಗಿನ ಸಂದಿನ ಗುಂಟ ಬಿಟ್ಟರೆ ಒಡೆ, ಬಗ್ಗಿಸಿದಾಗ ಅಡ್ಡಕ್ಕೆ ತುಂಡಾದರೆ ಮುರಿ. ಕಲ್ಲು ಒಡೆಯುವವರೂ ಕಲ್ಲಿನ ಎಳೆ ನೋಡಿ ಸಾಲಾಗಿ ಗುಳಿ ತೆಗೆದು ಉಳಿ ಇಡುತ್ತಾರೆ. ಸಿಕ್ಕ ಕಡೆ ಹೊಡೆಯುವುದಿಲ್ಲ.

ತೊಗರಿ ಕಾಳನ್ನು ಬೀಸುವ ಕಲ್ಲಿನಲ್ಲಿ ಒಡೆದು ಬೇಳೆ ಮಾಡುವುದೂ ಇದೇ. ಕಾಳು ಹುಟ್ಟುವಾಗಲೇ ಎರಡು ಹೋಳು. ನಾವು ಅದನ್ನು ಬಿಡಿಸುತ್ತೇವೆ ಅಷ್ಟೇ.

ತೋಟದ ಇನ್ನೊಂದು ಪದ ಹೇಳಬೇಕು. ‘ಅಂಡೊಡಕ’. ಎಳೆ ಅಡಕೆ ಕಾಯಿ ಬಲಿಯುವ ಮುಂಚೆಯೇ ಸಿಪ್ಪೆ ಸೀಳಿ ಬಾಯಿ ಬಿಡುತ್ತದೆ, ಆಮೇಲೆ ಉದುರುತ್ತದೆ. ಬಸಿಗಾಲುವೆ ಸರಿಯಿಲ್ಲದೆ ನೀರು ನಿಂತ ತೋಟದಲ್ಲಿ, ಅಥವಾ ಒಣಗಿದ ಮರಕ್ಕೆ ಒಮ್ಮೆಗೇ ಜಾಸ್ತಿ ನೀರು ಸಿಕ್ಕಾಗ ಹೀಗಾಗುತ್ತದೆ. ಒಳಗಿನ ಒತ್ತಡಕ್ಕೆ ಹೊರಗಿನ ಸಿಪ್ಪೆ ತಾಳುವುದಿಲ್ಲ. ತುಂಗಾತೀರ ಅವರ ‘ಬಾಯಿ ಬಿಡುವುದು’ ಇಲ್ಲಿ ಅಕ್ಷರಶಃ ಹೊಂದುತ್ತದೆ.

ಹತ್ತಿ ಹೊಲ

ಹಾವೇರಿ ಕಡೆಯವನು ನಾನು. ನಮ್ಮ ಹೊಲದಲ್ಲಿ ‘ಹತ್ತಿ ಒಡದಾವ’ ಅಂದರೆ ಸಂತೋಷದ ಸುದ್ದಿ. ಕಾಯಿ ಒಣಗಿ, ತೊಳೆ ತೊಳೆಯಾಗಿ ಬಿಚ್ಚಿಕೊಂಡು, ಬಿಳಿ ಅರಳೆ ಹೊರಗೆ ಬಂದಿದೆ, ಬಿಡಿಸಲು ಆಳು ನೋಡಬೇಕು ಅಂತ ಅರ್ಥ. ಸರಿಯಾಗಿ ಒಡೆಯದ ಕಾಯಿ ಸಿಕ್ಕಿದರೆ ಅದೇ ನಷ್ಟ. ಅರಳೆ ಒಳಗೇ ಕಪ್ಪಾಗುತ್ತದೆ. ಹತ್ತಿ ಬೆಳೆಯುವವರಿಗೆ ‘ಒಡೆ’ ಹಾಳಾಗುವ ಪದ ಅಂತ ಯಾವತ್ತೂ ಅನಿಸಿಲ್ಲ.

ಜೋಳದಲ್ಲಿ, ಭತ್ತದಲ್ಲಿ ‘ತೆನೆ ಒಡೆಯಿತು’ ಅನ್ನುತ್ತೇವೆ. ಸೋಗೆಯೊಳಗಿಂದ ತೆನೆ ಹೊರಗೆ ಬರುವ ಹೊತ್ತು.

ಮಂಡ್ಯದ ಗದ್ದೆ

ಅಣ್ಣ, ತೆನೆ ಹೊರಗೆ ಬರುವ ಮುಂಚೆ ಹೊಟ್ಟೆಯೊಳಗೆ ಇರುತ್ತಲ್ಲ, ಅದನ್ನು ನಾವು ‘ಹೊಡೆ’ ಅಂತೀವಿ. ‘ಭತ್ತ ಹೊಡೆಗೆ ಬಂದಿದೆ.’ ನಮ್ಮ ಕಡೆ ಮಾತಾಡುವಾಗ ಹಕಾರ ಬಿಟ್ಟು ‘ವಡೆ’, ‘ಒಡೆ’ ಅಂತಲೂ ಕೇಳಿಸುತ್ತದೆ. ಹಾಗಾದರೆ ‘ಹೊಡೆ’, ‘ಒಡೆ’ ಎರಡೂ ಒಂದೇ ಮೂಲದವಾ? ‘ತಲೆ ಹೊಡೆದ’, ‘ತಲೆ ಒಡೆದ’ ಅಂತ ಜಗಳದ ಸುದ್ದಿಯಲ್ಲೂ ಗೊಂದಲ ಆಗುತ್ತಿರುತ್ತದೆ.

ಹಾಸನದ ಮೇಷ್ಟ್ರು

ಎರಡೂ ಬೇರೆ. ಇದನ್ನು ಗಟ್ಟಿಯಾಗಿ ಹೇಳಬಹುದು.

ಹೊಡೆಯುವುದು ಅಂದರೆ ಪೆಟ್ಟು ಕೊಡುವುದು. ಅದರ ಹಳೆಗನ್ನಡ ರೂಪ ‘ಪೊಡೆ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪೊಡೆ ಹೊಡೆಯಾಯಿತು. ತಮಿಳಿನಲ್ಲಿ ಇದಕ್ಕೆ ‘ಪುಡೈ’ ಎಂಬ ನೆಂಟ ಇದೆ. ಅದಕ್ಕೆ ಬಡಿ, ಕೇರು ಎಂಬ ಅರ್ಥ. ನಮ್ಮ ‘ಒಡೆ’ಗೆ ಎಂದೂ ಪಕಾರ ಇರಲಿಲ್ಲ. ತೆನೆಯ ‘ಹೊಡೆ’ಯೂ ‘ಪೊಡೆ’ಯಿಂದ ಬಂದದ್ದೇ, ಆದರೆ ಅದು ಹೊಟ್ಟೆ ಎಂಬ ಅರ್ಥದ ಪೊಡೆ.

ನಿಮ್ಮ ತಲೆಯ ಗೊಂದಲಕ್ಕೆ ವ್ಯಾಕರಣದಲ್ಲೇ ಪರಿಹಾರ ಇದೆ. ‘ತಲೆಗೆ ಹೊಡೆದ’. ಪೆಟ್ಟು ತಲೆಯ ಕಡೆಗೆ ಹೋಗುತ್ತದೆ, ಆದ್ದರಿಂದ ‘ಗೆ’. ‘ತಲೆ ಒಡೆದ’. ಇಲ್ಲಿ ಒಡೆದದ್ದು ತಲೆಯೇ, ಆದ್ದರಿಂದ ‘ಗೆ’ ಬರುವುದಿಲ್ಲ. ಹಕಾರ ಕೇಳಿಸದಿದ್ದರೂ ಆ ‘ಗೆ’ ಕೇಳಿಸುತ್ತದೆ. ಹೊಡೆದರೂ ಒಡೆಯದೆ ಇರಬಹುದು, ಹೊಡೆಯದೆಯೂ ಒಡೆಯಬಹುದು.

ಹೊಸೂರು ಗಡಿ

ಮನೆಯಲ್ಲಿ ಕನ್ನಡ, ಓದಿದ್ದು ತಮಿಳು. ತಮಿಳಿನಲ್ಲಿ ಬರೆಯುವಾಗ ‘ಉಡೈ’, ಬಾಯಿಮಾತಿನಲ್ಲಿ ‘ಒಡೈ’. ಮಲಯಾಳದಲ್ಲಿ ‘ಉಡಯುಗ’. ಭಾಷಾವಿದ್ವಾಂಸರಾದ ಬರೋ ಮತ್ತು ಎಮೆನೋ ಸೇರಿ 1961ರಲ್ಲಿ ತಂದ, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿ ಕೋಶ, ಅಂದರೆ ಪದಮೂಲದ ನಿಘಂಟು, ಇವನ್ನೆಲ್ಲ ಒಂದೇ ಮನೆಯವು ಅಂತ ಒಟ್ಟಿಗೆ ಇಡುತ್ತದೆ. ತಮಿಳಿನ ಉ ಕನ್ನಡದ ಒ ಆಗುವುದು ಇದೊಂದೇ ಪದದಲ್ಲಿ ಅಲ್ಲ. ತಮಿಳಿನ ಕುಡೈ ನಮ್ಮ ಕೊಡೆ, ಮುಲೈ ನಮ್ಮ ಮೊಲೆ. ಇ ಇದ್ದರೆ ಎ ಆಗುತ್ತದೆ: ಇಲೈ, ಎಲೆ.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ ವಿಷಯ ಬೇರೆ. ತಮಿಳಿನಲ್ಲಿ ತಾನಾಗಿ ಒಡೆದರೆ ‘ಉಡೈಂದದು’. ಯಾರೋ ಒಡೆದರೆ ‘ಉಡೈತ್ತಾನ್’. ಎರಡಕ್ಕೂ ರೂಪವೇ ಬೇರೆ. ಕನ್ನಡದಲ್ಲಿ ಆ ವ್ಯತ್ಯಾಸ ಇಲ್ಲ. ‘ಗಾಜು ಒಡೆಯಿತು’ ಅಂದರೆ ತಾನಾಗಿ. ‘ಕೋತಿ ಗಾಜು ಒಡೆಯಿತು’ ಅಂದರೂ ಅದೇ ‘ಒಡೆಯಿತು’.

ಹಾಗಂತ ಕನ್ನಡಿಗರು ಆ ಅರ್ಥ ಬಿಟ್ಟುಕೊಟ್ಟಿಲ್ಲ. ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಇಟ್ಟು ಅದೇ ಕೆಲಸ ಮಾಡಿಸುತ್ತಾರೆ. ‘ಒಡೆದು ಹೋಯಿತು’ ಅಂದರೆ ಯಾರ ಮೇಲೂ ತಪ್ಪಿಲ್ಲ. ‘ಒಡೆದು ಹಾಕಿದ’ ಅಂದರೆ ಬೇಕಂತಲೇ ಅಥವಾ ಅಸಡ್ಡೆಯಿಂದ. ‘ಒಡೆದುಬಿಟ್ಟ’ ಅಂದರೆ ಆಗಬಾರದಿತ್ತು, ಆಯಿತು. ಒಂದು ಲೋಟ ಬಿದ್ದ ಮೇಲೆ ಮನೆಯವರು ಈ ಮೂರರಲ್ಲಿ ಯಾವುದನ್ನು ಹೇಳುತ್ತಾರೆ ಎಂಬುದರ ಮೇಲೆ ಮುಂದಿನ ಮಾತೆಲ್ಲ ನಿಂತಿರುತ್ತದೆ.

ಸಾಲುಮರ

ನಾನು ಎಲ್ಲೋ ಓದಿದ್ದೆ, ‘ಒಡೆಯ’ ಎಂಬ ಪದವೂ ಇದರಿಂದಲೇ ಬಂದದ್ದು ಅಂತ. ಕಾಡು ಒಡೆದು ಹೊಲ ಮಾಡಿದವನು ಒಡೆಯ. ಮೈಸೂರು ಒಡೆಯರ ಹೆಸರಿಗೂ ಅದೇ ಮೂಲ ಅಂತೆ. ನಿಜವಾ?

ಹೊಸೂರು ಗಡಿ

ಇಲ್ಲ. ಕೇಳಲು ಚೆಂದ, ಆದರೆ ಪದದ ಚರಿತ್ರೆ ಹಾಗಿಲ್ಲ. ‘ಉಡೈ’ ಅಂದರೆ ಆಸ್ತಿ, ತನ್ನದಾಗಿ ಇರುವುದು ಅಂತ ಇನ್ನೊಂದು ಪದ ಇದೆ. ‘ಉಡೈಯವನ್’ ಅಂದರೆ ಉಳ್ಳವನು. ತಮಿಳಿನವರು ‘ಎನ್ನುಡೈಯ’ ಅಂದಾಗ, ಅಂದರೆ ‘ನನ್ನ’ ಅಂದಾಗ, ಬರುವುದೂ ಅದೇ. ಕನ್ನಡದ ಒಡೆಯ, ಒಡೆತನ, ಒಡವೆ ಆ ಗುಂಪಿನವು. ಒಡವೆಯ ಹಳೆಯ ರೂಪ ‘ಒಡಮೆ’. ಅದಕ್ಕೆ ಮೊದಲು ಆಸ್ತಿ ಎಂಬ ಅರ್ಥವಿತ್ತು. ಈಗ ಚಿನ್ನಕ್ಕೆ ಮಾತ್ರ ಉಳಿದಿದೆ.

ಮೂರನೆಯ ಗುಂಪೊಂದಿದೆ. ಒಡನೆ, ಒಡನಾಟ, ಒಡಹುಟ್ಟಿದವರು. ಇಲ್ಲಿ ‘ಒಡ’ ಅಂದರೆ ಜೊತೆ. ತಮಿಳಿನಲ್ಲಿ ‘ಉಡನ್’. ಬೇರಾಗುವ ಒಡೆ, ಜೊತೆಗಿರುವ ಒಡ, ತನ್ನದಾಗಿರುವ ಒಡೆ. ಕಿವಿಗೆ ಒಂದೇ, ಬೇರು ಮೂರು.

ಕುಂದಾನಗರಿ

ಬೆಳಗಾವಿಯಿಂದ. ಮರಾಠಿ ನೋಡಿದರೆ ನಿಮಗೆಲ್ಲ ಖುಷಿಯಾಗುತ್ತದೆ.

ಮಡಕೆ, ಗಾಜಿಗೆ ‘ಫುಟಣೆ’. ಕೋಲಿಗೆ, ಮೂಳೆಗೆ ‘ಮೋಡಣೆ’. ಹಗ್ಗಕ್ಕೆ ‘ತುಟಣೆ’. ನಮ್ಮ ಒಡೆ, ಮುರಿ, ಹರಿ ಹೇಗೋ ಹೆಚ್ಚುಕಡಿಮೆ ಹಾಗೇ. ಇನ್ನೂ ಮುಂದೆ ಹೋಗಿ. ಗಿಡ ಚಿಗುರಿದರೆ ‘ಪಾಲವೀ ಫುಟಲೀ’. ಗುಟ್ಟು ಬಯಲಾದರೆ ‘ಗುಪಿತ ಫುಟಲಂ’. ಪರೀಕ್ಷೆಯ ಪ್ರಶ್ನೆಪತ್ರಿಕೆ ಮುಂಚೆಯೇ ಹೊರಗೆ ಬಂದರೂ ‘ಪೇಪರ್ ಫುಟಲಾ’. ಮಡಕೆ, ಚಿಗುರು, ಗುಟ್ಟು ಮೂರಕ್ಕೂ ಅಲ್ಲೂ ಒಂದೇ ಪದ. ಸಂಸ್ಕೃತದ ‘ಸ್ಫುಟ್’ ಕುಟುಂಬದ್ದು ಅದು. ಸ್ಫೋಟವೂ ಅದೇ ಮನೆ, ‘ಸ್ಫುಟವಾಗಿ ಹೇಳು’ ಅನ್ನುವ ಸ್ಫುಟವೂ ಅದೇ ಮನೆ. ಸಿಡಿಯುವುದು, ಅರಳುವುದು, ತಿಳಿಯಾಗುವುದು.

ಎರಡು ಬೇರೆ ಬೇರೆ ಕುಟುಂಬದ ಭಾಷೆಗಳು ಒಂದೇ ದಾರಿ ಹಿಡಿದಿವೆ ಅಂದರೆ ತುಂಗಾತೀರ ಅವರ ಊಹೆಗೆ ನನ್ನ ಪೂರ್ತಿ ಬೆಂಬಲ. ಎರಡು ಪದ ಬೆರೆತು ಹೀಗಾಗಿದ್ದರೆ ಮರಾಠಿಯಲ್ಲೂ ಅದೇ ಬೆರಕೆ ಆಗಬೇಕಿತ್ತಲ್ಲವೇ?

ಕೋಲಾರದವಳು

ನನ್ನ ಹಾಲು ಇನ್ನೂ ಹಾಗೇ ಇದೆ!

ನಮ್ಮ ಕಡೆ ತೆಲುಗೂ ಬರುತ್ತದೆ. ತೆಲುಗಿನಲ್ಲಿ ಕುಂಡ, ಅಂದರೆ ಮಡಕೆ, ‘ಪಗುಲು’ತ್ತದೆ. ಕೋಲು ‘ವಿರುಗು’ತ್ತದೆ. ಹಗ್ಗ ‘ತೆಗು’ತ್ತದೆ. ಇಲ್ಲಿಯವರೆಗೆ ನಮ್ಮ ಹಾಗೇ. ಆದರೆ ಹಾಲು ಕೆಟ್ಟಾಗ ‘ಪಾಲು ವಿರಿಗಿಪೋಯಾಯಿ’ ಅನ್ನುತ್ತಾರೆ. ಅಂದರೆ ಕೋಲಿನ ಕ್ರಿಯಾಪದ! ತಮಿಳಿನಲ್ಲಿ ಹಾಲು ‘ತಿರಿ’ಯುತ್ತದೆ. ಮೂರು ಭಾಷೆ, ಮೂರು ನೋಟ. ಕನ್ನಡದವರು ಮಾತ್ರ ಮಡಕೆಯ ಪದ ಆರಿಸಿಕೊಂಡರು. ಯಾಕೆ?

ತುಂಗಾತೀರ

ಹಾಲು ಒಡೆಯುವಾಗ ಏನಾಗುತ್ತದೆ ನೋಡಿ. ಒಳ್ಳೆಯ ಹಾಲಿನಲ್ಲಿ ಗಟ್ಟಿ ಅಂಶ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಹಾಲು ಹುಳಿಯಾದಂತೆ ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಯಿಸಿದಾಗ ಇನ್ನೂ ಬೇಗ. ಕೊನೆಗೆ ಗಟ್ಟಿ ಒಂದು ಕಡೆ, ನೀರು ಒಂದು ಕಡೆ. ಅಲ್ಲಿಯವರೆಗೂ ಒಂದೇ ಅಂತ ಕಂಡದ್ದು ಎರಡು ಅಂತ ಆಗ ಗೊತ್ತಾಗುತ್ತದೆ. ಅದೇ ಹಾಲಿಗೆ ಹದ ಬಿಸಿಯಲ್ಲಿ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ‘ಹೆಪ್ಪುಗಟ್ಟಿತು’ ಅನ್ನುತ್ತೇವೆ. ಅಲ್ಲೂ ಹುಳಿಯೇ ಕೆಲಸ ಮಾಡಿದ್ದು. ಆದರೆ ನೀರು ಬೇರೆಯಾಗಿಲ್ಲ, ಹಾಗಾಗಿ ‘ಒಡೆಯಿತು’ ಅನ್ನುವುದಿಲ್ಲ. ಬೇರೆಯಾಗುವುದನ್ನೇ ಕನ್ನಡದ ಕಣ್ಣು ಹಿಡಿದಿದೆ.

ಮನೆ ಒಡೆಯುವುದೂ ಇದೇ ಅರ್ಥದಲ್ಲಿ. ಅಣ್ಣ ತಮ್ಮಂದಿರು ಕೂತು ಮಾತಾಡಿ ಆಸ್ತಿ ಹಂಚಿಕೊಂಡರೆ ‘ಪಾಲಾದರು’. ಬೇರೆ ಒಲೆ ಹೂಡಿದರೆ ‘ಬೇರೆ ಹೋದರು’. ‘ಮನೆ ಒಡೆಯಿತು’ ಅಂದರೆ ಮನಸ್ಸು ಹೋದದ್ದು. ಯಾರೋ ನಡುವೆ ಬಂದು ಮಾಡಿಸಿದರೆ ‘ಮನೆ ಒಡೆದರು’. ಆದರೆ ಮನೆತನವೇ ನಿರ್ನಾಮವಾಗುವ ಹಾಗೆ ಮಾಡಿದವನನ್ನು ‘ಮನೆಮುರುಕ’ ಅನ್ನುತ್ತೇವೆ. ಬೈಗುಳದಲ್ಲಿ ‘ಮುರಿ’ಯೇ ಬೇಕು. ಒಡೆದ ಮನೆಯಲ್ಲಿ ಎರಡು ಮನೆ ಉಳಿಯುತ್ತದೆ, ಮುರಿದ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ರಾಜಕೀಯದಲ್ಲೂ ಪಕ್ಷ ‘ಮುರಿಯಿತು’ ಅನ್ನುವುದಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. 1999ರಲ್ಲಿ ಜನತಾ ದಳ ಒಡೆಯಿತು. ಮೈತ್ರಿ ಮಾತ್ರ ಮುರಿಯುತ್ತದೆ, ಮದುವೆಯೂ ಮುರಿಯುತ್ತದೆ. ಅವು ಎರಡು ಕಡೆಯನ್ನು ಕೂಡಿಸಿದ ಕೊಂಡಿಗಳು.

ಕೆರೆ ಬಯಲು

ತುಮಕೂರು ಜಿಲ್ಲೆ. ಕೆರೆಯ ಮಾತು ಇಲ್ಲಿಯವರೆಗೆ ಬರಲಿಲ್ಲ.

‘ಕೆರೆ ಕೋಡಿ ಬಿತ್ತು’ ಅಂದರೆ ಊರಿಗೆ ಹಬ್ಬ. ತುಂಬಿದ ನೀರು ತನಗೆಂದೇ ಮಾಡಿದ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಅಂತ ಅರ್ಥ. ಜನ ಬಾಗಿನ ಕೊಡುತ್ತಾರೆ. ‘ಕೆರೆ ಒಡೆಯಿತು’ ಅಂದರೆ ಏರಿ ಕಿತ್ತುಕೊಂಡು ಹೋಗಿದೆ, ಕೆಳಗಿನ ಗದ್ದೆಯೆಲ್ಲ ಮರಳು. ಎರಡರಲ್ಲೂ ನೀರು ಹೊರಗೇ ಬಂದಿದೆ. ಒಂದಕ್ಕೆ ಬಾಗಿನ, ಇನ್ನೊಂದಕ್ಕೆ ಅಳು. ಏರಿಯಲ್ಲಿ ಹೆಗ್ಗಣದ ಬಿಲ ಒಂದಿದ್ದರೆ ಸಾಕು, ಅದರಲ್ಲಿ ಜಿನುಗಿದ ನೀರು ಮಣ್ಣನ್ನು ಒಳಗಿನಿಂದಲೇ ತಿನ್ನುತ್ತಾ ಹೋಗುತ್ತದೆ. ಹೊರಗಿನವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಹಿಂದೆ ನೀರಗಂಟಿ ದಿನಾ ಏರಿಯ ಮೇಲೆ ನಡೆಯುತ್ತಿದ್ದ. ಆ ಕೆಲಸ ಈಗ ಎಷ್ಟೋ ಊರಲ್ಲಿ ಯಾರೂ ಮಾಡುತ್ತಿಲ್ಲ. ಪದದ ಚರ್ಚೆಯ ನಡುವೆ ಇದನ್ನು ಹೇಳಬೇಕು ಅನಿಸಿತು, ಯಾಕೆಂದರೆ ‘ದುಃಖದ ಕಟ್ಟೆ ಒಡೆಯಿತು’ ಎಂಬ ಮಾತು ಕೆರೆ ಒಡೆದದ್ದನ್ನು ನೋಡಿದವರು ಕಟ್ಟಿದ್ದು.

ಮಂಡ್ಯದ ಗದ್ದೆ

ಬೇಕಂತಲೇ ಒಡೆಯುವುದೂ ಇದೆ. ಮೇಲಿನ ಗದ್ದೆ ತುಂಬಿದ ಮೇಲೆ ಬದು ಒಡೆದು ಕೆಳಗಿನ ಗದ್ದೆಗೆ ನೀರು ಬಿಡುತ್ತೇವೆ. ಗುದ್ದಲಿಯಲ್ಲಿ ಎರಡು ಏಟು, ಸಾಕು. ಆಮೇಲೆ ಅದೇ ಮಣ್ಣಿನಿಂದ ಮುಚ್ಚುತ್ತೇವೆ.

ಧಾರವಾಡದಾಕಿ

ನಮ್ಮಲ್ಲಿ ಮದುವೆಯಲ್ಲಿ, ಸೀಮಂತದಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವುದಕ್ಕೆ ‘ಒಡಪು’ ಅನ್ನುತ್ತೇವೆ. ಒಗಟಿಗೂ ಅದೇ ಹೆಸರಿದೆ. ಇದು ‘ಒಡೆ’ಯಿಂದ ಬಂತಾ? ಗುಟ್ಟಾಗಿರುವ ಹೆಸರನ್ನು ಬಾಯಿ ಬಿಟ್ಟು ಹೇಳುವುದು ಅಂತ ನೋಡಿದರೆ ಬಹಳ ಚೆನ್ನಾಗಿ ಹೊಂದುತ್ತದೆ.

ಹಾಸನದ ಮೇಷ್ಟ್ರು

ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಬಾರದು ತಾಯಿ. ತೆಲುಗಿನಲ್ಲಿ ಒಗಟಿಗೆ ‘ಪೊಡುಪು ಕಥ’ ಅನ್ನುತ್ತಾರೆ. ಅಲ್ಲಿ ಪಕಾರ ಇದೆ. ನಮ್ಮ ‘ಒಡಪು’ ಅದರ ನೆಂಟನಾದರೆ ‘ಒಡೆ’ಗೆ ಸಂಬಂಧವೇ ಇರುವುದಿಲ್ಲ. ಅರ್ಥ ಎಷ್ಟೇ ಸಿಹಿಯಾಗಿದ್ದರೂ ಮೊದಲು ಅಕ್ಷರದ ಲೆಕ್ಕ ಸರಿಹೋಗಬೇಕು. ಒಡೆಯನ ಕತೆಯಲ್ಲಿ ಹೊಸೂರಿನವರು ತೋರಿಸಿದ್ದು ಅದನ್ನೇ. ಒಡಕು, ಒಡಕಲು, ಒಡಕುಬಾಯಿ ಇವು ಮಾತ್ರ ನಿಸ್ಸಂಶಯವಾಗಿ ‘ಒಡೆ’ಯ ಮಕ್ಕಳು.

ಪದಮೂಲ ಹುಡುಕುವವರು ಮೊದಲು ಕಿಟ್ಟೆಲ್ ಅವರ ನಿಘಂಟು ತೆರೆದು ನೋಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿದ್ದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪಕ್ಕದ ಭಾಷೆಗಳ ನೆಂಟರನ್ನೂ ಅಲ್ಲೇ ಕೊಟ್ಟಿದ್ದಾರೆ.

ಕುಂದಾನಗರಿ

ಒಂದು ವಿಷಯದಲ್ಲಿ ಮರಾಠಿ, ಕನ್ನಡ ಬೇರೆ. ಮರಾಠಿಯಲ್ಲಿ ದೇವರ ಮುಂದೆ ತೆಂಗಿನಕಾಯಿಗೆ ‘ಫೋಡಣೆ’ 
ಅನ್ನಲು ಹಿಂಜರಿಯುತ್ತಾರೆ. ‘ನಾರಳ ವಾಢವಣೆ’, ಅಂದರೆ ಹೆಚ್ಚಿಸುವುದು, ಅನ್ನುತ್ತಾರೆ. ಬಳೆಗೂ ಹಾಗೇ. ಒಡೆಯುವ ಪದ ಶುಭ ಹೊತ್ತಿನಲ್ಲಿ ಬಾಯಿಗೆ ಬರಬಾರದು ಅಂತ.

ಕೋಲಾರದವಳು

ನಮ್ಮ ಮನೆಯಲ್ಲೂ ಅಜ್ಜಿ ‘ಬಳೆ ಒಡೆಯಿತು’ ಅನ್ನಲು ಬಿಡುತ್ತಿರಲಿಲ್ಲ, ‘ಹೆಚ್ಚಿತು’ ಅನ್ನಬೇಕಿತ್ತು. ಆದರೆ ಕಾಯಿಗೆ ಅಂಥ ತಡೆ ಇರಲಿಲ್ಲ. ದೇವಸ್ಥಾನಕ್ಕೆ ಕಳಿಸುವಾಗ ‘ಕಾಯಿ ಒಡೆಸಿಕೊಂಡು ಬಾ’ ಅಂತಲೇ ಹೇಳುತ್ತಿದ್ದರು. ಮೇಷ್ಟ್ರೇ, ಅಲ್ಲಿ ‘ಒಡೆಸಿಕೊಂಡು’ ಯಾಕೆ, ‘ಒಡೆದುಕೊಂಡು’ ಯಾಕಲ್ಲ?

ಹಾಸನದ ಮೇಷ್ಟ್ರು

ಒಡೆಯುವವರು ಪೂಜಾರಿ, ನೀವಲ್ಲ. ನೀವು ಅವರ ಕೈಯಿಂದ ಮಾಡಿಸುತ್ತೀರಿ, ಆದ್ದರಿಂದ ‘ಇಸು’ ಸೇರಿ ಒಡೆಸು. ಫಲ ನಿಮ್ಮ ಮನೆಗೆ ಬರುತ್ತದೆ, ಆದ್ದರಿಂದ ‘ಕೊಂಡು’. ಗುಡಿಯ ಮುಂದಿನ ಕಲ್ಲಿಗೆ ನೀವೇ ಈಡುಗಾಯಿ ಹಾಕಿದರೆ ಆಗ ‘ಈಡುಗಾಯಿ ಒಡೆದು ಬಂದೆ’ ಅನ್ನುತ್ತೀರಿ. ಆ ಚೂರು ಆಯ್ದುಕೊಳ್ಳುವವರು ಬೇರೆಯವರು, ಅಲ್ಲಿ ‘ಕೊಂಡು’ ಬೇಕಿಲ್ಲ.